ಗ್ಲೋಬಲ್ ಹೆಲ್ತ್ ಸ್ನಾತಕೋತ್ತರ ಓದು: ಪದೇ ಪದೇ ಕೇಳುವ ಪ್ರಶ್ನೆಗಳು

ಡೆಂಟಲ್ ಮುಗಿಸಿಯೂ ಕ್ಲಿನಿಕ್ ತೆರೆಯುವ ಮನಸ್ಸಿಲ್ಲದವರು, ಪಿಎಚ್‌ಸಿಯಲ್ಲಿ ಗ್ರಾಮೀಣ ಸೇವೆ ಮುಗಿಸುತ್ತಿರುವ ಡಾಕ್ಟರುಗಳು, ಎನ್‌ಜಿಒ ಕೆಲಸದಲ್ಲಿ ಊರೂರು ಸುತ್ತಿದ ಎಂಎಸ್‌ಡಬ್ಲ್ಯೂ ಪದವೀಧರರು, ಮಗಳನ್ನು ಹೊರದೇಶಕ್ಕೆ ಕಳಿಸಲು ಸೈಟು ಅಡವಿಡಬೇಕೇ ಎಂದು ಲೆಕ್ಕ ಹಾಕುತ್ತಿರುವ ಅಪ್ಪ-ಅಮ್ಮಂದಿರು. ಇವರೆಲ್ಲ ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ. ಫೀಸು, ವೀಸಾ ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಅರ್ಜಿ ಹಾಕುವ ಮುನ್ನ ಆಯಾ ವಿಶ್ವವಿದ್ಯಾಲಯದ ಪುಟವನ್ನು ನೀವೇ ಓದಿ, ಏಜೆಂಟರ ಬಾಯಿಮಾತು ನಂಬಿ ಕೂರಬೇಡಿ.

ಈ ಕೋರ್ಸಿನಲ್ಲಿ ನಿಜಕ್ಕೂ ಏನು ಓದುತ್ತಾರೆ?

ನಮ್ಮದೇ ಒಂದು ಕಾಯಿಲೆ ಇಟ್ಟುಕೊಂಡು ಹೇಳುತ್ತೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋಗಿಬಂದವರಿಗೆ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಆ ಕೇಂದ್ರ ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ನಿನ ನೆರವಿನಿಂದ 1952ರಲ್ಲಿ ಶುರುವಾದದ್ದು. ಅವರಿಗೆ ಮೊದಲು ಬಂದ ಗುಮಾನಿ, ಆಫ್ರಿಕಾದ ಹಳದಿ ಜ್ವರ ಏಷ್ಯಾಕ್ಕೂ ಕಾಲಿಟ್ಟಿತೇ ಎಂಬುದು. ಕೊನೆಗೆ ನೋಡಿದರೆ ಅದು ಉಣುಗು ಕಚ್ಚಿ ಹರಡುವ ಹೊಸದೇ ವೈರಸ್ಸು. ಮಲೆನಾಡಿನವರು ಮಂಗನ ಕಾಯಿಲೆ ಅನ್ನುತ್ತಾರೆ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಅದಕ್ಕೆ ಕ್ಯಾಸನೂರಿನದೇ ಹೆಸರು.

ಈ ಒಂದು ಕಾಯಿಲೆಯ ಸುತ್ತ ಇಡೀ ಕೋರ್ಸನ್ನು ಕಟ್ಟಬಹುದು. ಯಾರಿಗೆ, ಯಾವ ತಿಂಗಳಲ್ಲಿ, ಯಾವ ಊರಲ್ಲಿ ಬಂತು ಎಂದು ಹುಡುಕುವುದು ಎಪಿಡೆಮಿಯಾಲಜಿ. ಲಸಿಕೆ ಹಾಕಿಸಿಕೊಂಡವರಿಗೆ ನಿಜಕ್ಕೂ ರಕ್ಷಣೆ ಸಿಕ್ಕಿತೇ, ಅಥವಾ ಅವರು ಮೊದಲೇ ಕಾಡಿಗೆ ಕಡಿಮೆ ಹೋಗುವವರೇ ಎಂದು ಬಿಡಿಸುವುದು ಬಯೋಸ್ಟಾಟಿಸ್ಟಿಕ್ಸ್. ಕೆಲವೇ ಜಿಲ್ಲೆಗಳ ಬಡವರಿಗೆ ಬರುವ ಕಾಯಿಲೆಗೆ ಲಸಿಕೆ ತಯಾರಿಸಲು ಯಾವ ಕಂಪನಿ ಮುಂದೆ ಬರುತ್ತದೆ ಎಂಬುದು ಹೆಲ್ತ್ ಎಕನಾಮಿಕ್ಸ್. ಉಣುಗು ಕಚ್ಚದಂತೆ ಡೆಪಾ ತೈಲ ಹಚ್ಚಿಕೊಂಡು ಹೋಗಿ ಎಂದು ಆಶಾ ಕಾರ್ಯಕರ್ತೆ ಹೇಳಿದರೂ ಕಾಡಿನಿಂದ ದರಗು (ಒಣ ಎಲೆ) ತರಲು ಹೋಗುವ ಹೆಂಗಸು ಯಾಕೆ ಹಚ್ಚಿಕೊಳ್ಳುವುದಿಲ್ಲ ಎಂಬುದು ವೈದ್ಯಕೀಯ ಮಾನವಶಾಸ್ತ್ರ. ಹಳೆಯ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ರಾಜ್ಯದಲ್ಲಿ ಅದರ ಬಳಕೆ ನಿಂತಿತಲ್ಲ, ಆ ತೀರ್ಮಾನಕ್ಕೆ ಅಷ್ಟು ವರ್ಷ ಯಾಕೆ ಬೇಕಾಯಿತು ಎಂಬುದು ಪಾಲಿಸಿ. ಇಷ್ಟರ ಮೇಲೆ ಒಂದು ಥೀಸಿಸ್. ಹೆಚ್ಚು ಕಡಿಮೆ ಎಲ್ಲ ಕಡೆಯೂ ಇದೇ ಅಡಿಪಾಯ.

ಪಬ್ಲಿಕ್ ಹೆಲ್ತ್‌ಗೂ ಇದಕ್ಕೂ ಏನು ವ್ಯತ್ಯಾಸ?

ಪಠ್ಯದ ಬಹುಪಾಲು ಒಂದೇ. ಗಡಿ ದಾಟುವ ಕಾರಣಗಳ ಮೇಲೆ ಗ್ಲೋಬಲ್ ಹೆಲ್ತ್ ಹೆಚ್ಚು ಕಣ್ಣಿಡುತ್ತದೆ: ಔಷಧಿಯ ಪೇಟೆಂಟು, ದಾನಿ ಸಂಸ್ಥೆಗಳ ದುಡ್ಡು, ಹವಾಮಾನ, ವಲಸೆ. ಮಂಗಳೂರಿನಲ್ಲಿ ಓದಿದ ನರ್ಸ್ ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ಹೋದರೆ ಇಲ್ಲಿನ ತಾಲ್ಲೂಕು ಆಸ್ಪತ್ರೆಯ ಗತಿಯೇನು, ಅಲ್ಲಿನ ವಾರ್ಡಿನ ಗತಿಯೇನು ಎಂಬುದನ್ನು ಒಟ್ಟಿಗೇ ಕೇಳುವುದು ಈ ವಿಷಯದ ಸ್ವಭಾವ.

ಕೆಲಸದ ದೃಷ್ಟಿಯಿಂದ ಒಂದು ಮಾತು. ನಮ್ಮಲ್ಲಿ ನೌಕರಿ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಎಂಪಿಎಚ್ (ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್) ಎಂದೇ ಬರೆದಿರುತ್ತಾರೆ. ‘ಎಂಎಸ್ಸಿ ಗ್ಲೋಬಲ್ ಹೆಲ್ತ್’ ಎಂಬ ಪ್ರಮಾಣಪತ್ರ ಹಿಡಿದು ಹೋದರೆ ಸರಕಾರಿ ಯೋಜನೆಯ ಗುಮಾಸ್ತರಿಗೆ ‘ಇದೂ ಅದೇ’ ಎಂದು ವಿವರಿಸಬೇಕಾದೀತು. ವಾಪಸ್ ಬಂದು ರಾಷ್ಟ್ರೀಯ ಆರೋಗ್ಯ ಅಭಿಯಾನದಂಥ (ಎನ್‌ಎಚ್‌ಎಂ) ಕಡೆ ಸೇರುವ ಯೋಚನೆಯಿದ್ದರೆ ಎಂಪಿಎಚ್ ಎಂಬ ಹೆಸರಿಗೇ ಬೆಲೆ ಹೆಚ್ಚು. ಸಂಶೋಧನೆಗೆ ಹೋಗುವವರು ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನಾನು ಎಂಬಿಬಿಎಸ್ ಮಾಡಿಲ್ಲ. ಸೇರಬಹುದಾ?

ಖಂಡಿತ. ಬಿಡಿಎಸ್, ಬಿಎಎಂಎಸ್, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಓದಿದವರನ್ನೆಲ್ಲ ತೆಗೆದುಕೊಳ್ಳುತ್ತಾರೆ. ಕರ್ನಾಟಕದಲ್ಲಂತೂ ಎಂಪಿಎಚ್ ಕ್ಲಾಸಿಗೆ ಹೊಕ್ಕರೆ ಡೆಂಟಲ್ ಓದಿದವರು ಕಣ್ಣಿಗೆ ಬೀಳದೇ ಇರುವುದಿಲ್ಲ.

ಆದರೆ ಎರಡು ವಿಷಯ ತಿಳಿದಿರಲಿ. ಈ ಪದವಿ ಯಾರನ್ನೂ ಚಿಕಿತ್ಸೆ ಕೊಡುವ ಡಾಕ್ಟರಾಗಿ ಮಾಡುವುದಿಲ್ಲ. ಹಾಗೆಯೇ ಕೆಲವು ಹುದ್ದೆಗಳಿಗೆ ಎಂಬಿಬಿಎಸ್ ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ ನಮ್ಮ ಜಿಲ್ಲೆಗಳಲ್ಲಿ ಇಟ್ಟುಕೊಳ್ಳುವ ಸರ್ವೇಲನ್ಸ್ ಮೆಡಿಕಲ್ ಆಫೀಸರ್ ಕೆಲಸ ಅಂಥದ್ದು. ‘ಡಾಕ್ಟರಲ್ಲದವರಿಗೂ ಎಲ್ಲ ಬಾಗಿಲೂ ತೆರೆದಿದೆ’ ಎನ್ನುವ ಜಾಹೀರಾತು ಅರ್ಧ ಸತ್ಯ.

ಎಂಬಿಬಿಎಸ್ ಆಗಿದೆ. ಎಂಡಿ ಕಮ್ಯುನಿಟಿ ಮೆಡಿಸಿನ್ ಮಾಡಲಾ, ಇದನ್ನು ಮಾಡಲಾ?

ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದ್ದರೆ ಎಂಡಿ. ಮೂರು ವರ್ಷ ಸ್ಟೈಪೆಂಡ್ ಬರುತ್ತದೆ, ವೈದ್ಯಕೀಯ ಆಯೋಗದ ಮಾನ್ಯತೆ ಇದೆ, ಮುಂದೆ ಪ್ರೊಫೆಸರ್ ಆಗುವ ದಾರಿಯಿದೆ. ಎಂಪಿಎಚ್ ಆ ದಾರಿಗೆ ಹೋಗುವುದಿಲ್ಲ. ಸಂಶೋಧನಾ ಸಂಸ್ಥೆ, ಎನ್‌ಜಿಒ, ನೀತಿ ರೂಪಿಸುವ ಕೆಲಸ ಬೇಕಿದ್ದವರಿಗೆ ಎಂಪಿಎಚ್ ಸಾಕು. ಎಂಡಿ ಮಾಡಿ ಆಮೇಲೆ ಒಂದು ವರ್ಷದ ಎಂಎಸ್ಸಿಗೆ ಹೋದವರೂ ಇದ್ದಾರೆ. ಅದು ದುಬಾರಿ ಬಾಬತ್ತು, ಆದರೆ ಗಟ್ಟಿ.

ಡಿಗ್ರಿ ಮುಗಿದ ಕೂಡಲೇ ಹೋಗಬಹುದಾ?

ಸೀಟು ಸಿಕ್ಕೀತು. ನನ್ನನ್ನು ಕೇಳಿದರೆ ಬೇಡ ಅನ್ನುತ್ತೇನೆ. ಎರಡು ವರ್ಷ ಇಲ್ಲೇ ಕೆಲಸ ಮಾಡಿ. ಪಿಎಚ್‌ಸಿ, ಟಿಬಿ ಯೋಜನೆ, ಅಂಗನವಾಡಿ ಜೊತೆ ಕೆಲಸ ಮಾಡುವ ಸಂಸ್ಥೆ, ಯಾವುದಾದರೂ ಸರಿ. ದೊಡ್ಡ ವಿದ್ಯಾರ್ಥಿವೇತನಗಳು ಹೇಗೂ ಅಷ್ಟು ಅನುಭವ ಕೇಳುತ್ತವೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ತರಗತಿಯಲ್ಲಿ ಗೊತ್ತಾಗುತ್ತದೆ. ಘಾನಾದ ಜಿಲ್ಲಾ ಆರೋಗ್ಯಾಧಿಕಾರಿ, ನೇಪಾಳದ ಸೂಲಗಿತ್ತಿಯರಿಗೆ ತರಬೇತಿ ಕೊಟ್ಟವಳು, ಬ್ರೆಜಿಲ್ಲಿನ ನರ್ಸ್ ನಿಮ್ಮ ಪಕ್ಕದಲ್ಲಿ ಕೂತಿರುತ್ತಾರೆ. ಅವರ ಜೊತೆ ವಾದ ಮಾಡಲು ನಿಮ್ಮ ಕೈಯಲ್ಲೂ ಏನಾದರೂ ಇರಬೇಕು. ಔಷಧಿ ಇಂಡೆಂಟ್ ಹಾಕಿ ಕಾದು ಕೂತವರಿಗೆ ಸಪ್ಲೈ ಚೈನ್ ಪಾಠ ಒಂದು ರೀತಿ ಕೇಳಿಸುತ್ತದೆ, ಬರೀ ಸ್ಲೈಡ್ ನೋಡಿದವರಿಗೆ ಬೇರೆ ರೀತಿ.

ಯಾವ ದೇಶ ಒಳ್ಳೆಯದು?

ರ‍್ಯಾಂಕಿಂಗ್ ಪಟ್ಟಿ ಪಕ್ಕಕ್ಕಿಡಿ. ಏನು ಕಲಿಯಬೇಕು, ಎಷ್ಟು ದುಡ್ಡಿದೆ, ಆಮೇಲೆ ಎಲ್ಲಿರಬೇಕು ಎಂಬ ಮೂರಕ್ಕೆ ಮೊದಲು ಉತ್ತರ ಹುಡುಕಿಕೊಳ್ಳಿ.

ಬ್ರಿಟನ್ನಿನಲ್ಲಿ ಒಂದೇ ವರ್ಷ. ಲಿವರ್‌ಪೂಲ್ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್ 1898ರದ್ದು, ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ 1899ರದ್ದು. ಈ ಕ್ಷೇತ್ರದಲ್ಲಿ ಇವೆರಡೂ ಹಳೆಯ ಮನೆಗಳು. ಕೋರ್ಸಿನ ಹೆಸರಲ್ಲಿ ‘ಗ್ಲೋಬಲ್’ ಇಲ್ಲವೆಂದು ಬಿಟ್ಟುಬಿಡಬೇಡಿ. ಲಂಡನ್ ಸ್ಕೂಲ್ ಮತ್ತು ಎಲ್‌ಎಸ್‌ಇ (ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್) ಸೇರಿ ನಡೆಸುವ ಹೆಲ್ತ್ ಪಾಲಿಸಿ, ಪ್ಲ್ಯಾನಿಂಗ್ ಅಂಡ್ ಫೈನಾನ್ಸಿಂಗ್ ಎಂಎಸ್ಸಿ, ಆರೋಗ್ಯ ವಿಮೆ ಅಥವಾ ಬಜೆಟ್ ಕಡೆ ಒಲವಿರುವವರಿಗೆ ಸರಿಯಾದದ್ದು.

ಸ್ವೀಡನ್ನಿನ ಕರೊಲಿನ್‌ಸ್ಕಾದಲ್ಲಿ ಒಂದು ವರ್ಷದ ಗ್ಲೋಬಲ್ ಹೆಲ್ತ್ ಕೋರ್ಸಿದೆ. ಗುಳ್ಳೆಗಳ ಗ್ರಾಫ್ ತೋರಿಸಿ ಜಗತ್ತಿಗೆ ಅಂಕಿಅಂಶದ ರುಚಿ ಹಚ್ಚಿದ ಹಾನ್ಸ್ ರೋಸ್ಲಿಂಗ್ ಪಾಠ ಮಾಡಿದ ಜಾಗ. ‘ಸ್ವೀಡನ್, ನಾರ್ವೆಯಲ್ಲಿ ಫೀಸಿಲ್ಲ’ ಎಂಬ ಮಾತು ಹಳತಾಯಿತು. ಯುರೋಪಿನ ಹೊರಗಿನವರಿಗೆ ಸ್ವೀಡನ್ 2011ರಿಂದ, ನಾರ್ವೆ 2023ರಿಂದ ಫೀಸು ಹಾಕುತ್ತಿವೆ. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳು ಬಹುಮಟ್ಟಿಗೆ ಉಚಿತ ನಿಜ; ಆದರೆ ಹೈಡೆಲ್‌ಬರ್ಗ್ ಮತ್ತು ಬರ್ಲಿನ್ನಿನ ಶಾರಿಟೆಯ ಇಂಟರ್‌ನ್ಯಾಷನಲ್ ಹೆಲ್ತ್ ಕೋರ್ಸುಗಳಿಗೆ ದುಡ್ಡು ಕಟ್ಟಬೇಕು. ಇದನ್ನು ತಿಳಿಯದೆ ಬಜೆಟ್ ಹಾಕಿಕೊಂಡು ಕೊನೆ ಗಳಿಗೆಯಲ್ಲಿ ಪರದಾಡುವವರು ತುಂಬಾ.

ಕೆನಡಾದ ಮೆಕ್‌ಮಾಸ್ಟರ್, ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯಗಳ ಗ್ಲೋಬಲ್ ಹೆಲ್ತ್ ಕೋರ್ಸಿಗೆ ನಮ್ಮ ಮಣಿಪಾಲವೂ ಪಾಲುದಾರ. ಅಲ್ಲಿನ ವಿದ್ಯಾರ್ಥಿಗಳು ಮಣಿಪಾಲಕ್ಕೆ ಬಂದು ಕಲಿತುಹೋಗಿದ್ದಾರೆ. ಉಡುಪಿ ಜಿಲ್ಲೆಯವರು ಕಡಲಾಚೆ ನೋಡುವ ಮುನ್ನ ಇದನ್ನೂ ಗಮನಿಸಲಿ.

ಅಮೆರಿಕದಲ್ಲಿ ಎಂಪಿಎಚ್ ಸಾಮಾನ್ಯವಾಗಿ ಎರಡು ವರ್ಷ, ಖರ್ಚು ಎಲ್ಲಕ್ಕಿಂತ ಜಾಸ್ತಿ. ಬಹುಪಾಲು ಕಾಲೇಜುಗಳಿಗೆ ಸೋಫಾಸ್ (SOPHAS) ಎಂಬ ಒಂದೇ ಜಾಲತಾಣದ ಮೂಲಕ ಅರ್ಜಿ. ಜಿಆರ್‌ಇ ಪ್ರವೇಶ ಪರೀಕ್ಷೆ ಈಗ ಎಷ್ಟೋ ಕಡೆ ಬೇಡ.

ಇಲ್ಲೇ ಓದಿದರೆ ಬೆಲೆ ಕಡಿಮೆಯಾ?

ಇಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ 1997ರಿಂದ ಎಂಪಿಎಚ್ ಕಲಿಸುತ್ತಿದೆ. ಅಲ್ಲಿ ಓದಿದವರು ದೇಶದ ತುಂಬ ಇದ್ದಾರೆ. ಮುಂಬೈಯ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ), ದಿಲ್ಲಿಯ ಜೆಎನ್‌ಯು, ಚೆನ್ನೈನಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ, ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾ (ಪಿಎಚ್‌ಎಫ್‌ಐ) ನಡೆಸುವ ಐಐಪಿಎಚ್ ಸಂಸ್ಥೆಗಳು ಒಂದಕ್ಕಿಂತ ಒಂದು ಭಿನ್ನ. ಕರ್ನಾಟಕದಲ್ಲಿ ನಿಮ್ಹಾನ್ಸ್, ಮಣಿಪಾಲದ ಪ್ರಸನ್ನ ಸ್ಕೂಲ್ ಆಫ್ ಪಬ್ಲಿಕ್ ಹೆಲ್ತ್, ಮೈಸೂರಿನ ಜೆಎಸ್‌ಎಸ್, ಬೆಳಗಾವಿಯ ಕೆಎಲ್‌ಇ ಇವೆ. ರೋಗದ ಲೆಕ್ಕಾಚಾರ ಬೇಕಿದ್ದರೆ ಚೆನ್ನೈ, ಜಾತಿ-ವರ್ಗ-ಆರೋಗ್ಯದ ರಾಜಕೀಯ ಬೇಕಿದ್ದರೆ ಜೆಎನ್‌ಯು. ಇದು ನನ್ನ ಒಲವು. ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಮಾತಾಡಿಸಿ.

ಸಾಲ ಮಾಡಲು ಮನಸ್ಸಿಲ್ಲದವರಿಗೆ ನಾನು ಹೇಳುವುದು ಇಷ್ಟೇ: ಇಲ್ಲಿ ಎಂಪಿಎಚ್ ಮಾಡಿ, ಹೊರಗೆ ಪಿಎಚ್‌ಡಿ ಮಾಡಿ. ಯುರೋಪಿನಲ್ಲಿ ಪಿಎಚ್‌ಡಿಗೆ ಎಷ್ಟೋ ಕಡೆ ಅವರೇ ಸಂಬಳ ಕೊಡುತ್ತಾರೆ.

ಬೆಂಗಳೂರಿನವರು ಲಂಡನ್ನಿಗೆ ಹೋಗಿ ತುಮಕೂರಿನ ಟಿಬಿ ಬಗ್ಗೆ ಓದುವುದು ವಿಚಿತ್ರ ಅಲ್ವಾ?

ಒಳ್ಳೆಯ ಪ್ರಶ್ನೆ. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1950ರ ದಶಕದಲ್ಲಿ ಟಿಬಿ ಅಂದರೆ ಸ್ಯಾನಿಟೋರಿಯಂ: ಗುಡ್ಡದ ಮೇಲಿನ ಆಸ್ಪತ್ರೆ, ತಿಂಗಳುಗಟ್ಟಲೆ ಹಾಸಿಗೆ. ಮದರಾಸಿನಲ್ಲಿ ಒಂದು ಪ್ರಯೋಗ ನಡೆಯಿತು. ಒಂದಷ್ಟು ರೋಗಿಗಳಿಗೆ ಸ್ಯಾನಿಟೋರಿಯಂನಲ್ಲಿ, ಇನ್ನಷ್ಟು ಮಂದಿಗೆ ಅವರವರ ಮನೆಯಲ್ಲೇ ಅದೇ ಮಾತ್ರೆ. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಇಕ್ಕಟ್ಟಿನ ಮನೆ, ಬಡ ಊಟದ ನಡುವೆಯೂ ಮನೆಯ ಚಿಕಿತ್ಸೆ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ಕೆಲಸ ಮಾಡಿತ್ತು. ಮನೆಮಂದಿಗೆ ರೋಗ ಹೆಚ್ಚು ತಗುಲಿರಲೂ ಇಲ್ಲ.

ಅದೇ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಹಳ್ಳಿಯ ಜನಕ್ಕೆ ರೋಗದ ಅರಿವಿಲ್ಲ, ಎಕ್ಸ್‌ರೇ ವ್ಯಾನ್ ತೆಗೆದುಕೊಂಡು ನಾವೇ ಅವರ ಮನೆ ಬಾಗಿಲಿಗೆ ಹೋಗಬೇಕು ಎಂಬುದು ಅಂದಿನ ತಜ್ಞರ ನಂಬಿಕೆ. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ರೋಗಿಗಳನ್ನೇ ಕೂರಿಸಿಕೊಂಡು ಕೇಳಿದರು. ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆ ಎಂಬುದು ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿಬಂದಿದ್ದರು. ಅಲ್ಲಿ ಕಫ ಪರೀಕ್ಷೆ ಮಾಡುವ ಬದಲು ಕೆಮ್ಮಿನ ಸೀಸೆ ಕೊಟ್ಟು ಕಳಿಸಿದ್ದರು. ಅಂದರೆ ಕೆಟ್ಟಿದ್ದು ಆಸ್ಪತ್ರೆ, ಜನರ ತಿಳಿವಳಿಕೆಯಲ್ಲ. 1963ರಲ್ಲಿ ಇದು ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಅಚ್ಚಾಯಿತು. ಟಿಬಿ ಚಿಕಿತ್ಸೆಯನ್ನು ಸಾಮಾನ್ಯ ಆಸ್ಪತ್ರೆಗಳ ಒಳಗೇ ಸೇರಿಸಬೇಕೆಂಬ ವಾದಕ್ಕೆ ಇದರಿಂದ ಬಲ ಬಂತು.

ಆ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಭಾರತದಲ್ಲಿ ಟಿಬಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ಹಾಫ್ಡನ್ ಮಾಹ್ಲರ್ 1973ರಲ್ಲಿ ಆ ಸಂಸ್ಥೆಯ ಮಹಾನಿರ್ದೇಶಕರಾದರು. 1978ರಲ್ಲಿ ಅಂದಿನ ಸೋವಿಯತ್ ಒಕ್ಕೂಟದ ಆಲ್ಮಾ ಅಟಾದಲ್ಲಿ ಪ್ರಾಥಮಿಕ ಆರೋಗ್ಯವೇ ಎಲ್ಲಕ್ಕೂ ತಳಹದಿ ಎಂದು ಜಗತ್ತು ಘೋಷಿಸಿದಾಗ ಚುಕ್ಕಾಣಿ ಹಿಡಿದಿದ್ದವರು ಅವರೇ. ಬ್ಯಾನರ್ಜಿ ಜೆಎನ್‌ಯುಗೆ ಹೋಗಿ ಸಾಮಾಜಿಕ ವೈದ್ಯಶಾಸ್ತ್ರ ಮತ್ತು ಸಮುದಾಯ ಆರೋಗ್ಯದ ಅಧ್ಯಯನ ಕೇಂದ್ರ ಕಟ್ಟಿದರು.

ಹಾಗಾಗಿ ಲಂಡನ್ನಿನ ತರಗತಿಯಲ್ಲಿ ಹೇಳಿಕೊಡುವ ಎಷ್ಟೋ ಪಾಠ ಇಲ್ಲಿಂದಲೇ ಹೋದದ್ದು. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯವರು 1934ರಿಂದ ಶಿಶುಗಳ ಹುಟ್ಟುತೂಕ ಬರೆದಿಟ್ಟಿದ್ದರು. ಬ್ರಿಟನ್ನಿನ ಸೌತಾಂಪ್ಟನ್ನಿನ ಸಂಶೋಧಕರು ಆ ದಾಖಲೆಯಲ್ಲಿದ್ದವರನ್ನೇ ಹುಡುಕಿ ಪರೀಕ್ಷಿಸಿ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಹೃದಯದ ಕಾಯಿಲೆ ಹೆಚ್ಚು ಎಂದು 1996ರಲ್ಲಿ ತೋರಿಸಿದರು. ಹೊರಗೆ ಹೋಗಿ ಕಲಿಯಬೇಕಾದದ್ದು ವಿಧಾನ. ಪ್ರಶ್ನೆ ಇಲ್ಲಿಂದಲೇ ಕೊಂಡೊಯ್ಯಿರಿ.

ಈ ಕ್ಷೇತ್ರವೇ ವಸಾಹತುಶಾಹಿಯದ್ದು ಅನ್ನುತ್ತಾರಲ್ಲ?

ಹುಟ್ಟು ಹಾಗೆಯೇ. ಲಂಡನ್ ಸ್ಕೂಲ್ ಕಟ್ಟಿದ ಪ್ಯಾಟ್ರಿಕ್ ಮ್ಯಾನ್ಸನ್ ಬ್ರಿಟನ್ನಿನ ವಸಾಹತು ಕಚೇರಿಯ ವೈದ್ಯಕೀಯ ಸಲಹೆಗಾರ. ಸಾಮ್ರಾಜ್ಯದ ನೌಕರರು ಮಲೇರಿಯಾದಿಂದ ಸಾಯಬಾರದು ಎಂಬ ಕಾಳಜಿ ಅಲ್ಲಿತ್ತು. ಬೆಂಗಳೂರಿನ ದಂಡಿನಲ್ಲಿ ಡಾಕ್ಟರಾಗಿದ್ದಾಗಲೇ ಸೊಳ್ಳೆಯ ಬಗ್ಗೆ ತಲೆ ಕೆಡಿಸಿಕೊಂಡಿದ್ದ ರೊನಾಲ್ಡ್ ರಾಸ್, 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾದ ಗುಟ್ಟು ಬಿಡಿಸಿ, ಆಮೇಲೆ ಲಿವರ್‌ಪೂಲಿಗೆ ಹೋದವರು.

ಈಗ ಕೋರ್ಸುಗಳಲ್ಲೇ ಈ ಚರ್ಚೆ ನಡೆಯುತ್ತದೆ. ಆದರೆ ಚರ್ಚೆ ನಡೆದ ಮಾತ್ರಕ್ಕೆ ಪ್ರಬಂಧದ ಮೊದಲ ಹೆಸರು ಯಾರದ್ದು, ಅನುದಾನದ ಲೆಕ್ಕ ಯಾರ ಕೈಯಲ್ಲಿ, ರಕ್ತದ ಮಾದರಿ ಯಾವ ದೇಶದ ಫ್ರಿಜ್ಜಿನಲ್ಲಿ ಎಂಬುದು ಬದಲಾಗಿಬಿಡುವುದಿಲ್ಲ. ಪ್ರವೇಶಕ್ಕೆ ಮುನ್ನ ಆ ವಿಭಾಗದವರ ಇತ್ತೀಚಿನ ನಾಲ್ಕಾರು ಪ್ರಬಂಧ ತೆಗೆದು ಲೇಖಕರ ಸಾಲು ನೋಡಿ. ಭಾರತದಲ್ಲಿ ಮಾಡಿದ ಅಧ್ಯಯನದಲ್ಲಿ ಭಾರತೀಯರ ಹೆಸರು ನಡುವೆಲ್ಲೋ ಸಿಕ್ಕಿಕೊಂಡಿದ್ದರೆ ಅಲ್ಲಿನ ಹವಾ ಅರ್ಥವಾಗುತ್ತದೆ.

ಒಟ್ಟು ಎಷ್ಟು ಖರ್ಚಾಗುತ್ತದೆ?

ಲಂಡನ್ನಿನಲ್ಲಿ ವಿದೇಶಿ ವಿದ್ಯಾರ್ಥಿಯ ಫೀಸು ಸುಮಾರು 30 ಸಾವಿರ ಪೌಂಡ್. ರೂಮು, ಊಟ, ಓಡಾಟ, ವೀಸಾ ಸೇರಿದರೆ 50 ಲಕ್ಷ ರೂಪಾಯಿ ಮುಟ್ಟುತ್ತದೆ. ವೀಸಾ ಜೊತೆ ವರ್ಷಕ್ಕೆ 776 ಪೌಂಡಿನ ಆರೋಗ್ಯ ಶುಲ್ಕ ಬೇರೆ. ಒಂಬತ್ತು ತಿಂಗಳ ಖರ್ಚಿನ ಹಣ ಸತತ 28 ದಿನ ಖಾತೆಯಲ್ಲಿ ಅಲುಗಾಡದೆ ಇರಬೇಕು. ನಡುವೆ ಒಂದು ದಿನ ತೆಗೆದು ಹಾಕಿದರೂ ವೀಸಾ ತಿರಸ್ಕೃತವಾದೀತು. ಲಂಡನ್ ಬಿಟ್ಟು ಬೇರೆ ಊರಾದರೆ ಬಾಡಿಗೆ ಸಾಕಷ್ಟು ಇಳಿಯುತ್ತದೆ. 2024ರ ಜನವರಿಯಿಂದ ಇಂಥ ಕೋರ್ಸಿಗೆ ಹೋಗುವವರು ಗಂಡ, ಹೆಂಡತಿ, ಮಕ್ಕಳನ್ನು ಸಾಮಾನ್ಯವಾಗಿ ಅವಲಂಬಿತರೆಂದು ಕರೆದೊಯ್ಯುವಂತಿಲ್ಲ. ಮದುವೆಯಾದವರು ಇದನ್ನು ಮೊದಲೇ ಮಾತಾಡಿಕೊಳ್ಳಿ.

ಬ್ಯಾಂಕು 7.5 ಲಕ್ಷದ ಮೇಲಿನ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತದೆ. ಓದುವಾಗ ಕಂತು ಇರುವುದಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. ಹೆತ್ತವರು ಕೇಳುತ್ತಿದ್ದಾರೆಂದು ನೇರವಾಗಿ ಹೇಳುತ್ತೇನೆ: 50 ಲಕ್ಷ ಸಾಲ ಮಾಡಿ ಈ ಕೋರ್ಸು ಓದಿ, ವಾಪಸ್ ಬಂದು ಎನ್‌ಜಿಒ ಸಂಬಳದಲ್ಲಿ ತೀರಿಸುವುದು ಆಗದ ಮಾತು. ಇದು ಸಾಫ್ಟ್‌ವೇರ್ ಎಂಎಸ್ ಅಲ್ಲ. ವಿದ್ಯಾರ್ಥಿವೇತನ ಸಿಗದಿದ್ದರೆ ಒಂದು ವರ್ಷ ಮುಂದೂಡಿ, ಮತ್ತೆ ಹಾಕಿ.

ಹಾಗಾದರೆ ಯಾವ ವಿದ್ಯಾರ್ಥಿವೇತನಗಳಿವೆ?

ಚೀವ್ನಿಂಗ್: ಬ್ರಿಟನ್ ಸರಕಾರದ್ದು, ಪೂರ್ತಿ ಖರ್ಚು ಕೊಡುತ್ತದೆ. ಎರಡು ವರ್ಷದ ಕೆಲಸದ ಅನುಭವ ಬೇಕು, ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕು. ಅಂಕಕ್ಕಿಂತ ನಾಯಕತ್ವದ ಕಥೆಗಳಿಗೆ ಮಣೆ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನ: ಅಭಿವೃದ್ಧಿಗೆ ಸಂಬಂಧಿಸಿದ ಓದಿಗೆ, ದೂರಶಿಕ್ಷಣಕ್ಕೂ ಒಂದು ವಿಭಾಗ ಇದೆ, ಅದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಜರ್ಮನಿಯ ಡಾಡ್ (DAAD) ಸಂಸ್ಥೆಯ ಇಪೋಸ್ (EPOS) ಯೋಜನೆ ಕೂಡ ಎರಡು ವರ್ಷದ ಅನುಭವ ಕೇಳುತ್ತದೆ, ಕೊನೆಯ ಪದವಿ ಮುಗಿದು 6 ವರ್ಷ ದಾಟಿರಬಾರದು. ಅಮೆರಿಕಕ್ಕೆ ಫುಲ್‌ಬ್ರೈಟ್-ನೆಹರೂ ಇದೆ. ಪಬ್ಲಿಕ್ ಹೆಲ್ತ್ ಅದರ ಪಟ್ಟಿಯಲ್ಲಿರುವ ವಿಷಯ, ಅನುಭವ ಮೂರು ವರ್ಷ.

ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯನ್ನೂ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಅನ್ನೂ ತಪ್ಪದೆ ನೋಡಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ. ಅಲ್ಪಸಂಖ್ಯಾತರಿಗೆ ರಾಜ್ಯದ ಅಭಿವೃದ್ಧಿ ನಿಗಮದಿಂದ ವಿದೇಶ ವ್ಯಾಸಂಗ ಸಾಲ ಇದೆ. ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ಸಾಲ-ವಿದ್ಯಾರ್ಥಿವೇತನ ಕೊಡುತ್ತಾ ಬಂದಿದೆ. ಪೂರ್ತಿ ಸಾಲದು, ಆದರೆ ಅದರ ಹೆಸರು ಬಯೋಡೇಟಾದಲ್ಲಿ ತೂಗುತ್ತದೆ.

ಎಸ್‌ಒಪಿ (ಯಾಕೆ ಓದಬೇಕೆಂದಿದ್ದೀರಿ ಎಂದು ಅರ್ಜಿಯ ಜೊತೆ ಕೊಡುವ ಬರಹ) ಹೇಗೆ ಬರೆಯಬೇಕು?

‘ಚಿಕ್ಕಂದಿನಿಂದಲೂ ಬಡವರ ಸೇವೆ ಮಾಡುವ ಕನಸು’ ಎಂದು ಶುರುಮಾಡಬೇಡಿ. ಓದುವವರಿಗೆ ಅದು ದಿನಕ್ಕೆ ಇಪ್ಪತ್ತು ಸಲ ಸಿಗುತ್ತದೆ. ನೀವು ಕಣ್ಣಾರೆ ಕಂಡ ಒಂದು ಗಂಟು ಹೇಳಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ. ಅದೇ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆಸ್ಪತ್ರೆಯ ಬಾಗಿಲವರೆಗೆ ಬಂದ ತಾಯಿಯ ಮಗು ಆಮೇಲೆ ಎಲ್ಲಿ ಸೊರಗುತ್ತದೆ? ನೀವು ರಾಯಚೂರಿನಲ್ಲೋ ಯಾದಗಿರಿಯಲ್ಲೋ ಕೆಲಸ ಮಾಡಿದ್ದರೆ ಇದಕ್ಕೆ ನಿಮ್ಮ ಬಳಿ ಅರ್ಧ ಉತ್ತರವಾದರೂ ಇರುತ್ತದೆ. ಇನ್ನರ್ಧಕ್ಕೆ ಆ ಕೋರ್ಸಿನ ಯಾವ ವಿಷಯ ಬೇಕು ಎಂದು ಹೆಸರಿಟ್ಟು ಬರೆಯಿರಿ. ಮುಗಿಯಿತು.

ಗಣಿತ ಅಂದರೆ ಭಯ.

ಹತ್ತನೇ ತರಗತಿಯ ಗಣಿತ ಗಟ್ಟಿಯಿದ್ದರೆ ನಡೆಯುತ್ತದೆ. ಲೆಕ್ಕ ಮಾಡುವುದು ಸ್ಟೇಟಾ ಅಥವಾ ಆರ್ ಎಂಬ ಸಾಫ್ಟ್‌ವೇರು. ಬಂದ ಉತ್ತರದ ಅರ್ಥ ಹೇಳುವುದು ನೀವು. ಆರ್ ಉಚಿತ. ಹೋಗುವ ಮುನ್ನವೇ ಕೈ ಆಡಿಸಿ.

ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ, ಕಷ್ಟವಾಗುತ್ತದಾ?

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 6.5ರಿಂದ 7 ಕೇಳುತ್ತಾರೆ. ಅದು ಅಭ್ಯಾಸದಿಂದ ಬರುತ್ತದೆ. ನಿಜವಾದ ತೊಡಕು ಪ್ರಬಂಧ ಬರೆಯುವುದರಲ್ಲಿದೆ, ಇಂಗ್ಲಿಷ್ ಮಾಧ್ಯಮದವರಿಗೂ ಇದೇ ಗೋಳು. ನಮ್ಮ ಪರೀಕ್ಷೆಗಳಲ್ಲಿ ಪುಸ್ತಕದಲ್ಲಿದ್ದದ್ದನ್ನು ಚೆನ್ನಾಗಿ ಇಳಿಸಿದರೆ ಅಂಕ. ಅಲ್ಲಿ ಹಾಗೆ ಇಳಿಸಿದರೆ ಕೃತಿಚೌರ್ಯ, ಸೀಟೇ ಹೋಗಬಹುದು. ಇಬ್ಬರು ಲೇಖಕರು ಯಾಕೆ ಒಪ್ಪುವುದಿಲ್ಲ, ನೀವು ಯಾರ ಕಡೆ, ಯಾಕೆ ಎಂದು ಬರೆಯಬೇಕು. ಮೊದಲ ಪ್ರಬಂಧಕ್ಕೆ ಕಡಿಮೆ ಅಂಕ ಬಂದರೆ ಎದೆಗುಂದಬೇಡಿ. ಥೀಸಿಸ್‌ಗೆ ನಮ್ಮೂರಲ್ಲಿ ಸಂದರ್ಶನ ಮಾಡುವಾಗ ಮಾತ್ರ ಆಟ ತಿರುಗುತ್ತದೆ: ದುಭಾಷಿ ಇಲ್ಲದೆ ಅಜ್ಜಿಯ ಜೊತೆ ಜಗುಲಿಯಲ್ಲಿ ಕೂತು ಮಾತಾಡಬಲ್ಲವರು ತರಗತಿಯಲ್ಲಿ ನೀವೊಬ್ಬರೇ ಇರಬಹುದು.

ಥೀಸಿಸ್ ನಮ್ಮ ಜಿಲ್ಲೆಯಲ್ಲೇ ಮಾಡಬಹುದಾ?

ಮಾಡಬಹುದು, ಆದರೆ ಕಾಗದಪತ್ರದ ಲೆಕ್ಕ ಇರಲಿ. ಅಲ್ಲಿನ ವಿಶ್ವವಿದ್ಯಾಲಯದ ನೀತಿ ಸಮಿತಿ ಒಪ್ಪಿದರೆ ಸಾಲದು, ಇಲ್ಲಿನ ಒಂದು ಸಂಸ್ಥೆಯ ನೀತಿ ಸಮಿತಿಯೂ ಒಪ್ಪಬೇಕು. ವಿದೇಶಿ ಸಹಯೋಗ, ವಿದೇಶಿ ಹಣ ಇದ್ದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿಯ ಅನುಮತಿಯೂ ಬೇಕಾಗಬಹುದು, ಅದು ತಿಂಗಳುಗಳ ಮಾತು. ಒಂದು ವರ್ಷದ ಕೋರ್ಸಿನಲ್ಲಿ ಥೀಸಿಸ್‌ಗೆ ಸಿಗುವುದೇ ಬೇಸಿಗೆಯ ಕೆಲವು ವಾರ. ಹಾಗಾಗಿ ಬುದ್ಧಿವಂತರು ಕುಟುಂಬ ಆರೋಗ್ಯ ಸಮೀಕ್ಷೆಯಂಥ, ಆಗಲೇ ಸಂಗ್ರಹವಾಗಿರುವ ದತ್ತಾಂಶ ಬಳಸುತ್ತಾರೆ. ನೋಂದಾಯಿಸಿಕೊಂಡರೆ ಉಚಿತವಾಗಿ ಸಿಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಸಿಗುತ್ತಾ?

ಕೋರ್ಸು ಮುಗಿಸಿದ ತಕ್ಷಣ ಜಿನೀವಾ ಎಂಬ ಕನಸು ಬಿಡಿ. ಕಾಯಂ ಹುದ್ದೆಗಳಿಗೆ ವರ್ಷಗಟ್ಟಲೆ ಅನುಭವ ಬೇಕು, ಫ್ರೆಂಚ್ ಅಥವಾ ಸ್ಪ್ಯಾನಿಷ್ ಬಂದರೆ ಒಳ್ಳೆಯದು. ಹೆಚ್ಚಿನವರು ಒಳಹೊಗುವುದು ಇಂಟರ್ನ್‌ಶಿಪ್ಪು, ಸಣ್ಣ ಅವಧಿಯ ಕನ್ಸಲ್ಟೆಂಟ್ ಒಪ್ಪಂದಗಳ ಮೂಲಕ. ಅಮೆರಿಕ ಹೊರಹೋಗುವುದಾಗಿ 2025ರ ಜನವರಿಯಲ್ಲಿ ಘೋಷಿಸಿದ ಮೇಲೆ ಆ ಸಂಸ್ಥೆಯೇ ಕೈ ಬಿಗಿ ಹಿಡಿದಿದೆ. 2026–27ರ ಬಜೆಟ್ಟನ್ನು 5.3ರಿಂದ 4.2 ಶತಕೋಟಿ ಡಾಲರಿಗೆ ಇಳಿಸಿಕೊಂಡಿದೆ.

ಹಾಗಾದರೆ ಈಗ ಓದುವುದು ಮೂರ್ಖತನವೇ?

ಹಳೆಯ ಲೆಕ್ಕದಲ್ಲಿ ಓದಿದರೆ ಹೌದು. 2025ರಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಬಾಗಿಲು ಹಾಕಿತು. ಬ್ರಿಟನ್ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.5ರಿಂದ 2027ರ ಹೊತ್ತಿಗೆ ಶೇ. 0.3ಕ್ಕೆ ತರುತ್ತಿದೆ. ಆ ದುಡ್ಡಿನ ಮೇಲೆ ನಿಂತಿದ್ದ ಎನ್‌ಜಿಒ ಹುದ್ದೆಗಳು ಕರಗಿವೆ. ಬ್ರಿಟನ್ನಿನಲ್ಲಿ ಓದು ಮುಗಿದ ಮೇಲೆ ಕೆಲಸ ಹುಡುಕಲು ಕೊಡುತ್ತಿದ್ದ ಎರಡು ವರ್ಷವನ್ನೂ 2027ರಿಂದ 18 ತಿಂಗಳಿಗೆ ಇಳಿಸುತ್ತಿದ್ದಾರೆ.

ಉಳಿಯುವುದು ಕೌಶಲ. ದತ್ತಾಂಶ ಬಿಡಿಸಬಲ್ಲವರು, ರೋಗ ನಿಗಾ ವ್ಯವಸ್ಥೆ ಕಟ್ಟಬಲ್ಲವರು, ಒಂದು ಯೋಜನೆಯ ಖರ್ಚು-ಫಲ ತೂಗಬಲ್ಲವರು, ಹಳ್ಳಿಯ ಮಾತು ಕೇಳಿ ಅದನ್ನು ಸಾಕ್ಷ್ಯವಾಗಿ ಬರೆಯಬಲ್ಲವರು ಬೇಕಾಗಿಯೇ ಇರುತ್ತಾರೆ. ‘ಗ್ಲೋಬಲ್ ಹೆಲ್ತ್ ಲೀಡರ್‌ಶಿಪ್’ ಎಂಬಂಥ ಹೊಗೆ ವಿಷಯಗಳನ್ನು ಕಡಿಮೆ ಮಾಡಿ, ಎಪಿಡೆಮಿಯಾಲಜಿ, ಎಕನಾಮಿಕ್ಸ್, ಗುಣಾತ್ಮಕ ಸಂಶೋಧನೆಯಲ್ಲಿ ಒಂದನ್ನು ಆಳವಾಗಿ ಹಿಡಿಯಿರಿ. ಬೆಂಗಳೂರಿನಲ್ಲೇ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ನಂಟಿನಿಂದ 2003ರಲ್ಲಿ ಹುಟ್ಟಿದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಇವೆ. ಸಂಬಳ ಐಟಿ ಸಮಕ್ಕೆ ಬರುವುದಿಲ್ಲ. ಗುತ್ತಿಗೆ ಅವಧಿ ಮುಗಿಯುವ ತಿಂಗಳ ಆತಂಕವೂ ಈ ಕೆಲಸದ ಜೊತೆಗೇ ಬರುತ್ತದೆ.

ಆನ್‌ಲೈನ್‌ನಲ್ಲಿ ಮಾಡಿದರೆ?

ಈಗಾಗಲೇ ಕೆಲಸದಲ್ಲಿರುವವರಿಗೆ ಒಳ್ಳೆಯದು. ಲಂಡನ್ ಸ್ಕೂಲಿನಲ್ಲಿ ದೂರಶಿಕ್ಷಣದ ಕೋರ್ಸುಗಳಿವೆ. ಕೆಲಸ ಮಾಡಿಕೊಂಡೇ ಕಂತುಕಂತಾಗಿ ಫೀಸು ಕಟ್ಟಬಹುದು. ಎಡಿನ್‌ಬರೋದಲ್ಲೂ ಇವೆ. ಸಹಪಾಠಿಗಳ ಜೊತೆ ಕ್ಯಾಂಟೀನಿನಲ್ಲಿ ನಡೆಯುವ ಜಗಳ ಸಿಗುವುದಿಲ್ಲ, ಅದೊಂದು ನಷ್ಟ. ಸರಕಾರಿ ನೌಕರಿ ಗುರಿಯಿದ್ದರೆ ಆನ್‌ಲೈನ್ ವಿದೇಶಿ ಪದವಿಗೆ ಇಲ್ಲಿ ಮಾನ್ಯತೆ ಇದೆಯೇ ಎಂದು ಲಿಖಿತವಾಗಿ ಕೇಳಿಯೇ ಸೇರಿ.

ಒಂದು ವರ್ಷದ ಬ್ರಿಟಿಷ್ ಪದವಿಗೆ ಭಾರತದಲ್ಲಿ ಮಾನ್ಯತೆ ಇದೆಯಾ?

ಮೊದಲು ಇದು ದೊಡ್ಡ ತಲೆನೋವಾಗಿತ್ತು. 2022ರ ಜುಲೈನಲ್ಲಿ ಎರಡು ದೇಶಗಳ ನಡುವೆ ಪದವಿಗಳ ಪರಸ್ಪರ ಮಾನ್ಯತೆಯ ಒಪ್ಪಂದವಾಯಿತು, ಒಂದು ವರ್ಷದ ಮಾಸ್ಟರ್ಸ್ ಕೂಡ ಅದರಲ್ಲಿದೆ. ವೈದ್ಯಕೀಯ, ನರ್ಸಿಂಗ್‌ನಂಥ ವೃತ್ತಿ ಪದವಿಗಳು ಅದರ ಹೊರಗೆ.

ಯಾವ ತಿಂಗಳಲ್ಲಿ ಏನು ಮಾಡಬೇಕು?

ಚೀವ್ನಿಂಗ್ ಅರ್ಜಿ ಆಗಸ್ಟಿನಲ್ಲಿ ತೆರೆದು ಅಕ್ಟೋಬರ್ ಮೊದಲ ವಾರಗಳಲ್ಲಿ ಮುಚ್ಚುತ್ತದೆ, ಕಾಮನ್‌ವೆಲ್ತ್ ಕೂಡ ಹೆಚ್ಚುಕಮ್ಮಿ ಆ ಹೊತ್ತಿನಲ್ಲೇ. ಅಂದರೆ ಮುಂದಿನ ಸೆಪ್ಟೆಂಬರಿನಲ್ಲಿ ಕೂರುವ ತರಗತಿಗೆ ಒಂದು ವರ್ಷ ಮೊದಲೇ ಓಡಾಟ. ಶಿಫಾರಸು ಪತ್ರ ಬರೆಯುವ ಪ್ರೊಫೆಸರನ್ನು ಜುಲೈನಲ್ಲೇ ಹೋಗಿ ಕಾಣಿ. ‘ನೀನೇ ಬರ್ಕೊಂಡ್ ಬಾರಪ್ಪ, ಸೈನ್ ಹಾಕ್ತೀನಿ’ ಅಂದರೆ ನಯವಾಗಿ ಬೇಡ ಅನ್ನಿ, ಒಂದೇ ಕೈಬರಹದ ಇಂಗ್ಲಿಷ್ ಎರಡೂ ಕಡೆ ಕಂಡರೆ ಅರ್ಜಿ ಬಿದ್ದುಹೋಗುತ್ತದೆ. ವಿಶ್ವವಿದ್ಯಾಲಯದಿಂದ ಟ್ರಾನ್‌ಸ್ಕ್ರಿಪ್ಟ್ (ಎಲ್ಲ ವರ್ಷಗಳ ಅಂಕಗಳ ಅಧಿಕೃತ ಪತ್ರ) ತರಿಸಲು ಕೆಲವೊಮ್ಮೆ ಶಿಫಾರಸು ಪತ್ರಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ, ಅದನ್ನು ಎಲ್ಲಕ್ಕಿಂತ ಮೊದಲು ಶುರುಮಾಡಿ.